ಜರೀನಾಳ ಎದೆಯೊಳಗಿನ ಮಸಿ

ಮಂಡಕ್ಕಿಪೇಟೆ
ಗಾಳಿ ತಿಂಗಳು, 2126ನೇ ಇಸವಿ

ನಮಗಿಂತ ನೂರು ವರ್ಷ ಹಿಂದೆ ಬದುಕುತ್ತಿರುವವರಿಗೆ ಕೊಟ್ರಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತೇದಿ ನೋಡಿ ಕಾಗದವನ್ನು ಮಡಿಚಿಡಬೇಡಿ. ಗಾಳಿ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ಬಿಸಿಲು ಇಳಿದು ಮಳೆ ಹಿಡಿಯುವ ಮುಂಚಿನ ದಿನಗಳಲ್ಲಿ ನಮ್ಮೂರಿನ ಎಲ್ಲ ಮನೆಗಳ ಕಿಟಕಿಜಾಲರಿಗಳನ್ನು ಬಿಚ್ಚಿ, ಬೀದಿಯಲ್ಲೇ ತೊಟ್ಟಿ ಇಟ್ಟು ತೊಳೆಯುತ್ತೇವೆ. ಆ ದಿನಗಳಿಗೆ ಈ ಹೆಸರು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕೇಳಬಹುದು. ಇದರಲ್ಲಿ ಬರುವ ಕೆಲವು ಮಾತುಗಳು ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಅವು ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ, ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ನಿಮಗೆ ಹೇಗೆ ತಲುಪುತ್ತದೆ ಎಂಬುದು ನನಗೆ ಗೊತ್ತಿಲ್ಲ. ಬರೆಯಬೇಕೆಂದು ನಾನು ಅಕ್ಕ ಎನ್ನುವ ಜರೀನಾ ಹಠ ಹಿಡಿದಿದ್ದಾಳೆ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಇಲ್ಲಿನ ಉಸಿರುಮನೆಯಲ್ಲಿ ಕೆಲಸ ಮಾಡುವವಳು. ಉಸಿರುಮನೆ ಆಸ್ಪತ್ರೆಯಲ್ಲ, ಪೂರ್ತಿ ಪ್ರಯೋಗಶಾಲೆಯೂ ಅಲ್ಲ. ಊರಿನವರೆಲ್ಲ ವರ್ಷಕ್ಕೊಮ್ಮೆ ಬಂದು, ಕೆಮ್ಮಿ ಕಫ ಕೊಟ್ಟು, ಮೂಗಿನೊಳಗೆ ಸಣ್ಣ ಬ್ರಷ್ಷು ಆಡಿಸಿಕೊಂಡು ಹೋಗುತ್ತಾರೆ. ಹಾಗೆ ಸಿಕ್ಕ ಜೀವಕೋಶಗಳನ್ನು ಬೆಚ್ಚಗಿನ ತಟ್ಟೆಯಲ್ಲಿ ಸಾಕುತ್ತೇವೆ. ಅವು ನಿಧಾನವಾಗಿ ಹರಡಿಕೊಂಡು, ಶ್ವಾಸನಾಳದ ಒಳಗೋಡೆಯಂತೆಯೇ ತೆಳುವಾದ ಪದರವಾಗುತ್ತವೆ. ಆ ಪದರದ ಮೇಲೆ ಊರಿನ ಗಾಳಿ ಹಾಯಿಸಿ, ಏನಾಗುತ್ತದೆಂದು ಬೆಳಕುಜರಡಿಯಲ್ಲಿ ನೋಡುವುದು ನನ್ನ ಕೆಲಸ. ಬೆಳಕುಜರಡಿಯನ್ನು ನಿಮ್ಮ ಸೂಕ್ಷ್ಮದರ್ಶಕದ ಮೊಮ್ಮಗಳು ಎನ್ನಬಹುದು. ನಿಮ್ಮ ಕಾಲದಲ್ಲಿ ಅಷ್ಟು ಸಣ್ಣದನ್ನು ಕಾಣಬೇಕಾದರೆ ಬಹಳ ಸಲ ಕೋಶವನ್ನು ಕೊಂದು, ಬಣ್ಣ ಹಾಕಿ, ತೆಳ್ಳಗೆ ಕೊಯ್ಯಬೇಕಿತ್ತು ಎಂದು ಓದಿದ್ದೇನೆ. ನಮ್ಮ ಯಂತ್ರ ಕೋಶಕ್ಕೆ ತೊಂದರೆಯಾಗದಷ್ಟು ಮಂದವಾದ ಬೆಳಕನ್ನು ಎಲ್ಲ ಕಡೆಯಿಂದ ಹಾಯಿಸುತ್ತದೆ. ಕೋಶ ಬದುಕಿರುತ್ತದೆ, ತನ್ನ ಪಾಡಿಗೆ ಕೆಲಸ ಮಾಡಿಕೊಂಡಿರುತ್ತದೆ. ಅದರ ಹತ್ತಿರ ಬಂದ ಧೂಳಿನ ಕಣ, ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟೇ ಇದ್ದರೂ, ತನ್ನೊಳಗಿನ ಲೋಹಕ್ಕೆ ತಕ್ಕ ಬಣ್ಣದಲ್ಲಿ ಹೊಳೆಯುತ್ತದೆ. ಕಬ್ಬಿಣ ಕೆಂಪಗೆ, ಸತು ತಿಳಿನೀಲಿಯಾಗಿ.

ನಮ್ಮ ಗಾಳಿ ನಿಮ್ಮದಕ್ಕಿಂತ ಚೆನ್ನಾಗಿದೆ. ಅಡುಗೆಮನೆಯಲ್ಲಿ ಬೆಂಕಿ ಇಲ್ಲ. ಹೊಗೆ ಎಂದರೆ ಮಕ್ಕಳು ಮಂಜಿನ ಚಿತ್ರ ಬರೆಯುತ್ತಾರೆ. ಮಂಡಕ್ಕಿ ಮಾತ್ರ ಬಿಟ್ಟಿಲ್ಲ. ಮರಳನ್ನು ಈಗ ಬಿಸಿಲುಗನ್ನಡಿಗಳು ಕಾಯಿಸುತ್ತವೆ, ಅಕ್ಕಿ ಅದರಲ್ಲೇ ಅರಳುತ್ತದೆ, ಸಂಜೆಯಾದರೆ ಊರಿಗೆ ಊರೇ ಮಿರ್ಚಿಯ ಅಂಗಡಿಯ ಮುಂದೆ ನಿಂತಿರುತ್ತದೆ. ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಗಾಳಿಪಟ್ಟಿ ಅಂಟಿಸಿರುತ್ತದೆ. ಮೇಲೆ ಕೂತ ಧೂಳಿನ ತೂಕ ಹೆಚ್ಚಾದರೆ ಅದು ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದು ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮುಂಚೆ ಪಟ್ಟಿ ನೋಡುತ್ತಾರೆ. ಹಸಿರಿದ್ದರೆ ಆ ದಿನ ಯಾರೂ ಗಾಳಿಯ ಮಾತೆತ್ತುವುದಿಲ್ಲ.

ಊರಿನ ಪಡುವಣ ಅಂಚಿನಲ್ಲಿ ಹಳೆಯ ಭಟ್ಟಿಸಾಲು ಇತ್ತು. ನಿಮ್ಮ ಕಾಲದಲ್ಲಿ ಅಲ್ಲಿ ಹಗಲೂ ರಾತ್ರಿ ಮಂಡಕ್ಕಿ ಹುರಿಯುತ್ತಿದ್ದರು. ನನ್ನ ಅಜ್ಜಿ ಚಿಕ್ಕವಳಿದ್ದಾಗ ಅವೆಲ್ಲ ಮುಚ್ಚಿದವಂತೆ. ಗೋಡೆಗಳು ಮಾತ್ರ ಹಾಗೇ ನಿಂತಿದ್ದವು. ಒಳಗೆ ಮಸಿ ಎಷ್ಟು ದಪ್ಪ ಕಟ್ಟಿತ್ತೆಂದರೆ ಉಗುರು ಊರಿದರೂ ಇಟ್ಟಿಗೆ ಸಿಗುತ್ತಿರಲಿಲ್ಲ. ಆ ಸಾಲನ್ನು ಕೆಡವಿ ಮನೆ ಕಟ್ಟಬೇಕೆಂದು ಊರಕೂಟ ಹೋದ ವರ್ಷ ತೀರ್ಮಾನಿಸಿತು. ಊರಕೂಟ ಎಂದರೆ ನಿಮ್ಮ ನಗರಸಭೆಯ ಹಾಗೆ. ಮನೆಗಳು ಯಾರಿಗೆಂದರೆ, ಸಮುದ್ರ ಊರೊಳಗೆ ಬಂದಮೇಲೆ ಕರಾವಳಿ ಬಿಟ್ಟು ಬಂದವರಿಗೆ. ಅವರ ಸಂಸಾರಗಳು ಶಾಲೆಯ ದೊಡ್ಡ ಹಾಲಿನಲ್ಲಿ ಸೀರೆಗಳನ್ನೇ ಗೋಡೆ ಮಾಡಿಕೊಂಡು ಬದುಕುತ್ತಿದ್ದವು.

ಕೆಡವುವ ತಂಡದ ಮುಂದಾಳು ಜರೀನಾ. ನಮ್ಮ ಬೀದಿಯವಳು, ನನಗಿಂತ ಎಂಟು ವರ್ಷಕ್ಕೆ ದೊಡ್ಡವಳು, ನನಗೆ ಅಕ್ಕ. ಅವಳ ಮನೆತನದವರು ಆ ಭಟ್ಟಿಗಳಲ್ಲೇ ದುಡಿದು ಸವೆದವರು. ಆ ಕಪ್ಪು ಗೋಡೆಗಳು ನೆಲಸಮವಾಗಬೇಕೆಂದು ಕೂಟದ ಬೆನ್ನು ಬಿದ್ದವಳೂ ಅವಳೇ, ಸಾಲು ಬಿದ್ದ ಜಾಗದಲ್ಲಿ ಮಕ್ಕಳು ಆಡುವುದನ್ನು ನೋಡಬೇಕೆಂದು ಎಲ್ಲರ ಮುಂದೆ ಹೇಳುತ್ತಿದ್ದವಳೂ ಅವಳೇ. ಕೆಲಸ ಶುರುವಾದ ದಿನ ಬೀದಿಗೆಲ್ಲ ಸಿಹಿ ಹಂಚಿದಳು.

ಒಂದೆರಡು ವಾರ ಕಳೆಯುವಷ್ಟರಲ್ಲಿ ತಂಡದವರಿಗೆ ಕೆಮ್ಮು ಹತ್ತಿಕೊಂಡಿತು. ಎಲ್ಲರೂ ಮೂಗುಬಟ್ಟೆ ಕಟ್ಟಿದ್ದರು. ಪಟ್ಟಿಗಳು ಹಸಿರಾಗಿದ್ದವು. ವೈದ್ಯರು ಗಂಟಲು ಕೆರೆತ ಎಂದು ಕಷಾಯ ಕೊಟ್ಟರು. ತಂಡದಲ್ಲಿ ಹನುಮಂತ ಎಂಬ ಹಿರಿಯನಿದ್ದ, ಗೋಡೆಗೆ ಒಂದು ಏಟು ಹಾಕಿ ಅದು ಯಾವ ಕಡೆ ಬೀಳುತ್ತದೆಂದು ಹೇಳುವಂಥವನು. ಅವನು ನಡುವೆ ನಡುವೆ ಕೂರತೊಡಗಿದ. ಜರೀನಾ ಕೆಮ್ಮು ಬಂದಾಗ ನೀರಿನ ಪಂಪಿನ ಹಿಂದೆ ಹೋಗಿ ಕೆಮ್ಮಿ ಬರುತ್ತಿದ್ದಳು, ಯಾರಿಗೂ ಕೇಳಬಾರದೆಂದು. ಒಂದು ಸಂಜೆ ನಮ್ಮ ಮನೆಯ ಮೆಟ್ಟಿಲ ಅರ್ಧಕ್ಕೆ ನಿಂತು ಗೋಡೆ ಹಿಡಿದುಕೊಂಡಳು.

"ಏನಕ್ಕ, ಪಟ್ಟಿ ಹಸಿರೈತಿ, ನೀ ನೋಡಿದ್ರೆ ಮೆಟ್ಲು ಹತ್ತಾಕ ಆಗ್ವಲ್ದು."

"ಆಗ್ತೈತಿ ಬಿಡು, ನಿಧಾನಕ್ಕೆ ಹತ್ತೀನಿ. ಮಸಿ ಅಂದ್ಮ್ಯಾಲೆ ಕೆಮ್ಮು ಬರಂಗಿಲ್ಲೇನು? ಕೊಟ್ರಿ, ನೀ ಕೂಟದೋರ ಮುಂದೆ ಬಾಯಿ ಬಿಡಬ್ಯಾಡ ಮತ್ತ. ಕೆಲಸ ನಿಂತ್ರೆ ಇನ್ಯಾವಾಗ ಶುರುವಾಗ್ತೈತೋ."

"ಬಿಡಲ್ಲ. ನೀ ನಾಳಿಗೆ ಬಂದು ಕಫ ಕೊಡು."

ಬಂದು ಕೊಟ್ಟಳು. ಅವಳ ಕೋಶಗಳು ಪದರ ಕಟ್ಟುವಷ್ಟರಲ್ಲಿ ನಾನು ಭಟ್ಟಿಸಾಲಿಗೆ ಹೋಗಿ, ಗೋಡೆಯ ಮಸಿಯನ್ನು ಡಬ್ಬಿಯಲ್ಲಿ ತಂದೆ. ಅದನ್ನು ಗಾಳಿಯಲ್ಲಿ ಎಬ್ಬಿಸಿ, ಎದ್ದದ್ದರಲ್ಲಿ ಸಣ್ಣದನ್ನು ಮಾತ್ರ ಪದರದ ಮೇಲೆ ಬಿಟ್ಟೆ. ತೂಕ ಇಲ್ಲವೆನ್ನುವಷ್ಟು ಕಡಿಮೆ. ಎಣಿಸಲು ಹೋದರೆ ಯಂತ್ರವೇ ಸೋಲುವಷ್ಟು ಸಂಖ್ಯೆ. ಗಾಳಿಪಟ್ಟಿ ತೂಗುತ್ತದೆ, ಎಣಿಸುವುದಿಲ್ಲ. ಹಸಿರಾಗಿಯೇ ಉಳಿದದ್ದು ಅದಕ್ಕೆ.

ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಶ್ವಾಸನಾಳದ ಪದರದ ಮೇಲೆ ಸಣ್ಣ ಸಣ್ಣ ರೋಮಗಳು ಇರುತ್ತವೆ. ಅವೆಲ್ಲ ಒಟ್ಟಿಗೆ ಒಂದೇ ಕಡೆಗೆ ಬಾಗಿ ಏಳುತ್ತ ಕಫವನ್ನು ಮೇಲಕ್ಕೆ ನೂಕುತ್ತವೆ. ಮಸಿ ಬಿದ್ದ ಜಾಗದಲ್ಲಿ ಅವುಗಳ ಲಯ ತಪ್ಪಿತು. ಒಂದು ಬಾಗಿದರೆ ಪಕ್ಕದ್ದು ಸುಮ್ಮನೆ ನಿಂತಿರುತ್ತಿತ್ತು. ಆಮೇಲೆ ಅವಳ ಕಫದಲ್ಲೇ ಸಿಕ್ಕಿದ್ದ ನುಂಗುಕೋಶಗಳು ಬಂದವು. ಕಸ ಕಂಡಲ್ಲಿಗೆ ತೆವಳಿ ಹೋಗಿ ತಿನ್ನುವ ಕೋಶಗಳಿವು, ಎಲ್ಲರ ಎದೆಯಲ್ಲೂ ಇರುತ್ತವೆ. ಒಂದು ಕೋಶ ಮಸಿಯ ಗೊಂಚಲನ್ನು ತಬ್ಬಿ ಒಳಗೆ ಎಳೆದುಕೊಂಡು, ಪುಟ್ಟ ಚೀಲದಲ್ಲಿಟ್ಟು, ಕರಗಿಸಲು ಆಮ್ಲದಂಥ ಹುಳಿ ಸುರಿಯಿತು. ಮಸಿ ಕರಗಲಿಲ್ಲ. ಆ ಹುಳಿಗೆ ಮಸಿಗಂಟಿದ ಸತು ಮಾತ್ರ ಬಿಟ್ಟುಕೊಂಡು ಚೀಲದ ತುಂಬ ನೀಲಿಯಾಗಿ ಹರಡಿತು, ಚೀಲ ಹರಿಯಿತು, ಕೋಶ ಉಬ್ಬಿ ಒಡೆಯಿತು. ಹೊರಗೆ ಬಿದ್ದ ಅದೇ ಮಸಿಯನ್ನು ತಿನ್ನಲು ಇನ್ನೊಂದು ನುಂಗುಕೋಶ ಹೊರಟಿತು. ಅತಿ ಸಣ್ಣ ಕಣಗಳು ಇದಾವುದಕ್ಕೂ ಕಾಯದೆ ಪದರದ ಸಂದಿಯಲ್ಲಿ ನುಸುಳಿ, ದೇಹದಲ್ಲಾದರೆ ರಕ್ತ ಹರಿಯುವ ಕಡೆಗೆ, ಇಳಿದುಹೋದವು.

ಉಸಿರುಮನೆಯ ಚಿತ್ರಗಳನ್ನು ಕೂಟಕ್ಕೆ ಮಾತ್ರ ತೋರಿಸುವುದು ರೂಢಿ. ಕೋಶ ಯಾರದೋ ಅವರಿಗೆ ತೋರಿಸುವುದಿಲ್ಲ. ನೋಡಿದವರು ಹೆದರುತ್ತಾರೆ, ಊಟ ಬಿಡುತ್ತಾರೆ ಎಂದು ಹಿರಿಯರು ಹೇಳುತ್ತಾರೆ. ಆದರೆ ಜರೀನಾ ಬಾಗಿಲಲ್ಲೇ ನಿಂತಿದ್ದಳು, ಅವಳಿಗೆ ಸುಳ್ಳು ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಒಳಗೆ ಕರೆದು ಕುರ್ಚಿ ಕೊಟ್ಟೆ.

"ಇದು ಯಾರ್ದು?" ಎಂದಳು.

"ನಿಂದೇ."

"ಬದುಕೈತಾ?"

"ಬದುಕೈತಿ. ನೋಡ್ತಿರು."

ಮುಂದಕ್ಕೆ ಬಾಗಿ ನೋಡಿದಳು. ನುಂಗುಕೋಶ ತೆವಳುತ್ತ ಬರುವುದನ್ನು ತೋರಿಸಿದೆ.

"ಯಾಕ ನುಂಗ್ತೈತಿ ಅದು? ತನ್ನ ಪಾಡಿಗೆ ಹೋಗಬಾರ್ದಾ?"

"ಅದರ ಕೆಲಸಾನೇ ಅದು ಅಕ್ಕ. ಕಸ ಕಂಡ್ರೆ ಎತ್ತಬೇಕು."

"ನನ್ನಂಗೇ ಐತಲ್ಲೇ," ಎಂದು ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಅಷ್ಟರಲ್ಲಿ ಕೋಶ ಒಡೆಯಿತು. ಎರಡನೆಯದು ಬರತೊಡಗಿದಾಗ ಜರೀನಾ ಪರದೆಗೆ ಕೈ ಅಡ್ಡ ಹಿಡಿದು, "ಏ, ಬ್ಯಾಡ, ಬ್ಯಾಡ, ಅತ್ಲಾಗ ಹೋಗು," ಎಂದಳು. ಅದು ನಿಲ್ಲಲಿಲ್ಲ.

ಕೈ ತೆಗೆದು ಕೇಳಿದಳು, "ಆ ನೀಲಿ ಏನು?"

"ಸತು. ಹಳೇ ಕಾಲದ ಟೈರಿನಾಗೆ ಇರ್ತಿತ್ತು. ಉರಿಸಾಕ ಭತ್ತದ ಹೊಟ್ಟು ಸಾಲದೇ ಇದ್ದಾಗ ಭಟ್ಟಿಗೆ ಟೈರು ಹಾಕ್ತಿದ್ರಂತೆ."

"ನಮ್ಮಮ್ಮನ ಅಜ್ಜಿ ಅಲ್ಲೇ ಮರಳು ತಿರುವ್ತಿದ್ಲು. ಬೀಬಿಜಾನ್ ಅಂತ. ಮದುವೆ ಆಗಿ ಬಂದಾಗಿಂದ ಸಾಯೋ ತನಕ." ಕೈಯನ್ನು ಎದೆಯ ಮೇಲಿಟ್ಟುಕೊಂಡಳು. "ಅವಳು ಸುಟ್ಟಿದ್ದು ಈಗ ಇಲ್ಲೈತಿ ಅಂತೀಯಲ್ಲ ನೀನು?"

"ಹೂಂ ಅಕ್ಕ. ಆ ಗೋಡೇದು."

ಸಿಟ್ಟಿಗೇಳುತ್ತಾಳೆ ಎಂದುಕೊಂಡೆ. ಅವಳು ಮೆಲ್ಲಗೆ ಹೇಳಿದ್ದು ಇಷ್ಟೇ: "ಹಂಗಾರೆ ಅವಳ ಎದಿಯಾಗೆ ಎಷ್ಟಿತ್ತೋ ಏನೋ. ಒಬ್ಬರಾದ್ರೂ ಅವಳಿಗೆ ತೋರಿಸಿದ್ರಾ?"

ಮಾರನೆಯ ಬೆಳಿಗ್ಗೆ ಜರೀನಾ ಭಟ್ಟಿಸಾಲಿಗೆ ಹೋಗಿ ತಂಡದವರನ್ನೆಲ್ಲ ಮನೆಗೆ ಕಳಿಸಿ, ಯಂತ್ರಗಳಿಗೆ ಬೀಗ ಹಾಕಿದಳು. ಆ ವಾರವೇ ಊರಕೂಟ ಸೇರಿತು. ಅಧ್ಯಕ್ಷರು ಮುರಿಗೆಪ್ಪನವರು. ಒಳ್ಳೆಯ ಮನುಷ್ಯ, ಕರಾವಳಿಯವರನ್ನು ಊರಿಗೆ ಕರೆತಂದವರೇ ಅವರು. ಮಳೆಗೆ ಮುಂಚೆ ಮನೆ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ನಾನು ಚಿತ್ರ ತೋರಿಸಿದೆ. ಅವರು ಪೂರ್ತಿ ನೋಡಿದರು.

"ತಟ್ಟೆಯೊಳಗಿನ ಕೋಶಕ್ಕೆ ಹಿಂದೆ ಮುಂದೆ ಯಾರೂ ಇಲ್ಲಮ್ಮ," ಎಂದರು. "ಮನುಷ್ಯನ ಎದಿಯಾಗೆ ರಕ್ತ ಹರಿತೈತಿ, ಸತ್ತ ಕೋಶದ ಜಾಗಕ್ಕೆ ಹೊಸಾದು ಬರ್ತೈತಿ. ತಟ್ಟೆಯಾಗೆ ಆಗಿದ್ದೇ ನಮಗೂ ಆಗ್ತೈತಿ ಅಂತ ಹೆಂಗೆ ಹೇಳ್ತೀಯ?"

ಅವರ ಪ್ರಶ್ನೆ ಸರಿಯಾಗಿತ್ತು. ಪೂರ್ತಿ ಹೇಳಲಾರೆ ಎಂದೆ. ಶಾಲೆಯ ಹಾಲಿನಿಂದ ಬಂದಿದ್ದ, ಕರಾವಳಿಯ ವಾರಿಜಾ ಎಂಬ ಹೆಂಗಸು ಎದ್ದು ನಿಂತಳು. ಕಂಕುಳಲ್ಲಿ ಮಗು.

"ಒಂದೊಂದು ಸಲ ಒಂದೊಂದು ಕಾರಣ ಹೇಳ್ತೀರಿ. ಆ ಹಾಲಿನಲ್ಲಿ ನಾವು ಇನ್ನೆಷ್ಟು ಮಳೆಗಾಲ ಕಳೆಯುದು ಮಾರಾಯ್ರೇ? ಸೀರೆ ಅಡ್ಡ ಕಟ್ಟಿ ಹೆರಿಗೆಯೂ ಆಯ್ತು ನಂದು."

ಜರೀನಾ ಮುಂದೆ ಬಂದಳು, ಮಾತಿಗೊಮ್ಮೆ ಉಸಿರು ತೆಗೆದುಕೊಳ್ಳುತ್ತ.

"ಅವಸರ ಮಾಡಿದ್ದು ನಾನೇ ತಾಯಿ. ನಿಮಗಿಂತ ನನಗೇ ಜಾಸ್ತಿ ಅವಸರ ಇತ್ತು. ಆದ್ರೆ ಆ ಮಸಿ ಎದ್ರೆ ನನ್ನೊಬ್ಬಳ ಎದಿಯಾಗೇ ನಿಲ್ಲಂಗಿಲ್ಲ. ಗಾಳಿ ಪಡುವಣದಿಂದ ಬೀಸ್ತೈತಿ. ನೀವಿರೋ ಶಾಲೆ ಮೂಡಣಕೈತಿ."

ವಾರಿಜಾ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. ನನ್ನ ಕಡೆ ತಿರುಗಿ, "ಹಾಗಾದ್ರೆ ನಮ್ಮದೂ ನೋಡಿ," ಎಂದಳು. "ಈಗಲೇ ನೋಡಿ."

ಕೂಟವನ್ನು ಅಲ್ಲಿಗೇ ನಿಲ್ಲಿಸಿ ಎಲ್ಲರೂ ಉಸಿರುಮನೆಗೆ ಬಂದರು. ತಟ್ಟೆಯಲ್ಲಿ ಸಾಕುವಷ್ಟು ಹೊತ್ತಿರಲಿಲ್ಲ, ಕಫದಲ್ಲಿ ಬಂದ ನುಂಗುಕೋಶಗಳನ್ನು ನೇರವಾಗಿ ಬೆಳಕುಜರಡಿಯಲ್ಲಿಟ್ಟೆ. ವಾರಿಜಾಳ ಕೋಶಗಳೊಳಗೆ ನೀಲಿ ಚುಕ್ಕೆಗಳಿದ್ದವು. ಜರೀನಾಳಷ್ಟು ಇರಲಿಲ್ಲ, ಆದರೆ ಇದ್ದವು. ಹಾಲಿನಲ್ಲಿದ್ದ ಬೇರೆಯವರಲ್ಲೂ ಇದ್ದವು. ಕೊನೆಗೆ ಮುರಿಗೆಪ್ಪನವರು ತಾವೇ ಬಂದು ಕೆಮ್ಮಿ ಕೊಟ್ಟು, ನಾನು ಕರೆಯುವ ಮುಂಚೆಯೇ ಪರದೆಯ ಮುಂದೆ ಕೂತರು. ಅವರ ಮನೆ ಭಟ್ಟಿಸಾಲಿಗೆ ಎರಡೇ ಬೀದಿ ದೂರ. ತಮ್ಮ ಕೋಶದೊಳಗಿನ ನೀಲಿಯನ್ನು ಬೆರಳಿಂದ ತೋರಿಸಿ, "ಇದಾ?" ಎಂದರು. ಹೌದೆಂದೆ. ಕೆಲಸ ನಿಲ್ಲಿಸಿ ಎಂದು ಅಲ್ಲೇ ಹೇಳಿದರು.

ನಿಲ್ಲಿಸಿದರೆ ಸಾಲದು, ಆ ಗೋಡೆಗಳು ಮಳೆಗೆ ತಾವಾಗಿಯೇ ಕುಸಿಯುತ್ತಿದ್ದವು. ಮಸಿ ಏಳದಂತೆ ಕೆಡವುವುದು ಹೇಗೆಂದು ನಾವು ಉಸಿರುಮನೆಯಲ್ಲಿ ಒಂದೊಂದನ್ನೇ ಪರೀಕ್ಷಿಸಿದೆವು. ನೀರು ಚಿಮುಕಿಸಿದರೆ ಮಸಿಯ ಮೇಲೆ ನಿಲ್ಲದೆ ಜಾರಿಹೋಗುತ್ತಿತ್ತು. ಸಾಬೂನು ನೀರು ಒಳಗಿಳಿಯುತ್ತಿತ್ತು, ಒಣಗಿದ ಮೇಲೆ ಮಸಿ ಮತ್ತೆ ಏಳುತ್ತಿತ್ತು. ಕೆಸರು ಬಳಿದರೆ ಒಣಗಿ ಮಸಿಯ ಸಮೇತ ಹಕ್ಕಳೆಯಾಗಿ ಏಳುತ್ತಿತ್ತು. ಸಾಬೂನು ನೀರಿಗೆ ಅಕ್ಕಿಯ ಗಂಜಿ ಸೇರಿಸಿದಾಗ ಹಿಡಿಯಿತು. ಗಂಜಿ ಕುಡಿದು ಒಣಗಿದ ಮಸಿಯನ್ನು ಪುಡಿಮಾಡಿ ಜರೀನಾಳದೇ ಕೋಶಗಳ ಮೇಲೆ ಬಿಟ್ಟು ನೋಡಿದೆ. ಕಣಗಳು ಅಂಟಿಕೊಂಡು ದಪ್ಪ ಹರಳುಗಳಾಗಿದ್ದವು. ರೋಮಗಳು ಅವನ್ನು ಕಫದ ಜೊತೆ ಮೇಲಕ್ಕೆ ನೂಕಿ ಹೊರಗೆ ಹಾಕಿದವು. ಶಾಲೆಯ ಹಾಲಿನಲ್ಲಿದ್ದ ಹೆಂಗಸರು ಹಂಡೆ ಇಟ್ಟು ಗಂಜಿ ಕಾಯಿಸಿಕೊಟ್ಟರು. ವಾರಿಜಾ ಮೊದಲ ಹಂಡೆ ತಂದು ಇಳಿಸಿ, "ತಿನ್ನಲಿಕ್ಕೆ ಇಲ್ಲದ ಕಾಲದಲ್ಲಿ ಗೋಡೆಗೆ ಗಂಜಿ," ಎಂದು ಗೊಣಗಿದ್ದು ನೆನಪಿದೆ. ಸಾಲು ಪೂರ್ತಿ ಬೀಳುವಷ್ಟರಲ್ಲಿ ಆ ಮಳೆಗಾಲ ಮುಗಿದಿತ್ತು. ಅವರು ಅದನ್ನೂ ಹಾಲಿನಲ್ಲೇ ಕಳೆದರು.

ಹನುಮಂತ ಅಷ್ಟರೊಳಗೆ ತೀರಿಕೊಂಡ. ವೈದ್ಯರು ಹೃದಯ ಎಂದು ಬರೆದರು. ಅವನ ಹೆಂಡತಿ ನನ್ನನ್ನು ನೇರವಾಗಿ ಕೇಳಿದಳು, "ಆ ಮಸಿಯಿಂದಾನಾ ಅವ್ವ?" ಎಂದು. ಅವನೂ ಕಫ ಕೊಟ್ಟಿದ್ದ; ಅವನ ಕೋಶಗಳಲ್ಲಿ ಏನು ಕಂಡಿತೆಂದು ಹೇಳಿದೆ, ಅದರಿಂದಲೇ ಸತ್ತ ಎಂದು ಹೇಳುವಷ್ಟು ನನ್ನ ಯಂತ್ರಕ್ಕೆ ತಿಳಿಯುವುದಿಲ್ಲ ಎಂದೂ ಹೇಳಿದೆ. ಅವಳು ತಲೆಯಾಡಿಸಿದಳು. ಆ ಮಾತು ಅವಳಿಗೆ ಸಮಾಧಾನ ಕೊಟ್ಟಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಈಗ ಅಲ್ಲಿ ಮನೆಗಳಾಗಿವೆ. ಗಾಳಿಪಟ್ಟಿಯ ಪಕ್ಕ ಎಣಿಕೆಪಟ್ಟಿ ಎಂಬ ಇನ್ನೊಂದನ್ನು ಅಂಟಿಸಲು ಕೂಟ ಒಪ್ಪಿದೆ. ಉಸಿರುಮನೆಯಲ್ಲಿ ಕೋಶ ಕೊಟ್ಟವರು ಕೇಳಿದರೆ ಅವರದನ್ನು ಅವರಿಗೆ ತೋರಿಸಬೇಕು ಎಂಬುದೂ ನಿಯಮವಾಗಿದೆ. ಕೆಲವರು ನೋಡಿ ಹೆದರಿದ್ದು ನಿಜ. ಹೆಚ್ಚಿನವರು ಮತ್ತೆ ಬಂದು, ಹೋದ ಸಲಕ್ಕಿಂತ ಹೇಗಿದೆ ಎಂದು ಕೇಳುತ್ತಾರೆ. ಜರೀನಾ ಕೆಡವುವ ಕೆಲಸ ಬಿಟ್ಟಿದ್ದಾಳೆ. ಔಷಧದಿಂದ ಕೆಮ್ಮು ಇಳಿದಿದೆ, ಹೋದ ಉಸಿರು ಪೂರ್ತಿ ತಿರುಗಿ ಬಂದಿಲ್ಲ, ಬರುವುದೂ ಇಲ್ಲ. ನಮ್ಮ ಮನೆಗೆ ಬಂದರೆ ಕೆಳಗೇ ಕೂತು ನನ್ನನ್ನು ಕೂಗುತ್ತಾಳೆ. ಈ ಕಾಗದ ಬರೆಯೆಂದು ಹೇಳಿದ್ದೂ ಅಲ್ಲೇ ಕೂತು. ಮುಂದಿನವರಿಗೆ ಬರೆಯುತ್ತೇನೆ, ಅವರಿಗೆ ಉಪಯೋಗವಾದೀತು ಎಂದೆ. "ಮುಂದಿನೋರಿಗೆ ನಾವೇ ಹೇಳ್ತೀವಿ, ಬದುಕಿದೀವಲ್ಲ. ಹಿಂದಿನೋರಿಗೆ ಬರಿ. ಅವರಿಗೆ ಹೇಳೋರು ಯಾರವ್ರೆ?" ಎಂದಳು.

ಹಾಗಾಗಿ ಕೇಳಿಕೊಳ್ಳುತ್ತೇನೆ. ಬೆಂಕಿ ಆರಿಸಿ ಎಂದು ನೂರು ವರ್ಷ ದೂರದಿಂದ ಹೇಳುವುದು ಸುಲಭ, ಅದರಲ್ಲೇ ಅನ್ನ ಕಾಣುವವರಿಗೆ ಹಾಗೆ ಹೇಳಲು ನನಗೆ ಬಾಯಿಲ್ಲ. ಆದರೆ ನೋಡುವ ಯಂತ್ರಗಳು ನಿಮ್ಮಲ್ಲೂ ಆಗಲೇ ಇವೆ. ನಮ್ಮಷ್ಟು ಚೆನ್ನಾಗಿಲ್ಲದಿದ್ದರೂ ಕಣ ಕೋಶದೊಳಗೆ ಹೋಗುವುದನ್ನು ನಿಮ್ಮವರು ನೋಡುತ್ತಿದ್ದಾರೆ, ಅದರ ಬಗ್ಗೆ ಬರೆಯುತ್ತಿದ್ದಾರೆ, ಸಭೆಗಳಲ್ಲಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಿದ್ದಾರೆ. ನಿಮ್ಮ ವರ್ಷದಲ್ಲಿ ಬೀಬಿಜಾನ್‌ಗೆ ಇಪ್ಪತ್ತು ದಾಟಿರುತ್ತದೆ. ಮದುವೆಯಾಗಿ ಹೊಸದಾಗಿ ಬಂದು ಭಟ್ಟಿಯ ಮುಂದೆ ಸೆರಗನ್ನು ಮೂಗಿಗೆ ಸುತ್ತಿಕೊಂಡು ಮರಳು ತಿರುವುತ್ತಿರುತ್ತಾಳೆ. ಅವಳಂಥವರು ನಿಮ್ಮ ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಒಬ್ಬಳನ್ನಾದರೂ ಒಳಗೆ ಕರೆಯಿರಿ. ಕುರ್ಚಿ ಕೊಟ್ಟು ಕೂರಿಸಿ, ಅವಳ ಕೋಶವನ್ನು ಅವಳಿಗೆ ತೋರಿಸಿ. ಅವಳು ಏನು ಕೇಳುತ್ತಾಳೋ ಅದಕ್ಕೆ ಉತ್ತರ ಹೇಳಿ.

ಇಂತಿ,
ಕೊಟ್ರಮ್ಮ